ಅಣ್ಣ ತಂದ ವಿಸಿಆರ್

2023ರ ಮಳೆಗಾಲ ಮುಗಿದ ಮೇಲೆ ನಮ್ಮ ಹಳೆಯ ಮನೆಯ ಮಾಡು ಬಿಚ್ಚಿ ಹೊಸದಾಗಿ ಹೊದಿಸುವುದೆಂದು ಅಣ್ಣ ನಿರ್ಧರಿಸಿದ. ಅಟ್ಟ ಖಾಲಿ ಮಾಡುವ ದಿನ ನಾನೂ ಅಲ್ಲಿದ್ದೆ. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಯಾರೂ ಓದದ ಹಳೆಯ ಪುಸ್ತಕಗಳ ಕಟ್ಟು ಇವೆಲ್ಲ ಇಳಿದ ಮೇಲೆ, ಕಟ್ಟಕಡೆಗೆ, ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹುರಿಹಗ್ಗದಿಂದ ಬಿಗಿದಿದ್ದ ಒಂದು ಪೆಟ್ಟಿಗೆ ಇಳಿಯಿತು. ಅತ್ತಿಗೆ ಅದನ್ನು ಜಗಲಿಯ ಮೇಲಿಟ್ಟು, "ಫಾದರ್, ಇದನ್ನು ಗುಜರಿಗೆ ಕೊಡಬಹುದಾ?" ಎಂದು ಕೇಳಿದರು. ಪೆಟ್ಟಿಗೆಯ ಒಡೆಯ ಅಣ್ಣ ಪಕ್ಕದಲ್ಲೇ ನಿಂತಿದ್ದ. ಆದರೂ ಅವರು ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಆ ವಿಸಿಆರ್‌ನ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ 19 ವರ್ಷಗಳಿಂದ ಸಿಕ್ಕಿಕೊಂಡಿತ್ತು. ಸಿಕ್ಕಿಸಿದವನು ನಾನು.

ಇಂದಿನ ಮಕ್ಕಳಿಗೆ ವಿಸಿಆರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ವಯಸ್ಸಿನವರಿಗೆ ಹಾಗಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ಬಂತು. ಅದರ ಬೆನ್ನಿಗೇ ಈ ಯಂತ್ರವೂ ಊರೂರಿಗೆ ಬಂತು. ಕರಾವಳಿಯ ನಮ್ಮ ಕಡೆ ಅದು ಬಂದದ್ದು ಅಂಗಡಿಗಳಿಂದಲ್ಲ, ಕೊಲ್ಲಿ ರಾಷ್ಟ್ರಗಳಿಂದ ರಜೆಯ ಮೇಲೆ ಮರಳುವವರ ಸಾಮಾನಿನೊಂದಿಗೆ. ದುಬಾಯಿಯಲ್ಲಿ ದುಡಿಯುತ್ತಿದ್ದ ನಮ್ಮಣ್ಣ 1987ರ ಏಪ್ರಿಲ್‌ನಲ್ಲಿ ಮುಂಬಯಿಗೆ ಬಂದಿಳಿದು, ಸುಂಕ ಕಟ್ಟಿ, ಅಲ್ಲಿಂದ ಊರಿನ ತನಕ ಒಂದು ದಿನಕ್ಕೂ ಹೆಚ್ಚು ಕಾಲ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದನಂತೆ. ಬಸ್ಸಿನ ಮೇಲೆ ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ನಾನಾಗ ಸೆಮಿನರಿಯಲ್ಲಿದ್ದೆ, ಬೇಸಿಗೆ ರಜೆಗೆಂದು ಮನೆಗೆ ಬಂದಿದ್ದೆ. ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ನೋಡಲು ಜನ ನಮ್ಮ ಜಗಲಿ ತುಂಬುತ್ತಿದ್ದ ಕಾಲವದು. ಆ ವಾರದ ಕಂತನ್ನು ಅಣ್ಣ ಕ್ಯಾಸೆಟ್ಟಿಗೆ ಇಳಿಸಿಕೊಂಡು ಸಂಜೆ ಮತ್ತೊಮ್ಮೆ ತೋರಿಸಿದಾಗ, ಬೆಳಿಗ್ಗೆ ನೋಡಿದವರೇ ಬಂದು ಮತ್ತೆ ನೋಡಿದರು. ಮುಗಿದುಹೋದದ್ದನ್ನು ಹಿಂದಕ್ಕೆ ಕರೆಯಬಹುದೆಂಬುದು ನಮಗೆಲ್ಲ ಹೊಸ ಅನುಭವ.

ಆ ವರ್ಷಗಳಲ್ಲಿ ಊರಿನಲ್ಲಿ ನಾಲ್ಕೈದು ವಿಸಿಆರ್‌ಗಳಿದ್ದವು. ಯಾವ ಕಂಪನಿಯದು ಗಟ್ಟಿ, ಯಾವುದು ಮೋಸ ಎಂಬ ಚರ್ಚೆ ಚರ್ಚಿನ ಅಂಗಳದಲ್ಲೂ ಮದುವೆಯ ಚಪ್ಪರದಲ್ಲೂ ಬಿಸಿಯಾಗಿ ನಡೆಯುತ್ತಿತ್ತು. ಜಪಾನಿನಲ್ಲಿ 1975ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿ ಕಂಪನಿಯ ವಿಎಚ್‌ಎಸ್ ಹೊರಬಂದು, ಎರಡಕ್ಕೂ ದೊಡ್ಡ ಪೈಪೋಟಿ ನಡೆದು, ಹೆಚ್ಚು ಹೊತ್ತಿನ ಕ್ಯಾಸೆಟ್ ಕೊಟ್ಟ ವಿಎಚ್‌ಎಸ್ ಗೆದ್ದಿತ್ತು. ನಮ್ಮ ಊರಿಗೆ ಬರುವ ಹೊತ್ತಿಗೆ ಆ ಜಗಳ ಮುಗಿದೇಹೋಗಿತ್ತು. ಉಳಿದದ್ದು ಕಂಪನಿಗಳ ಹೆಸರಿನ ಜಗಳ ಮಾತ್ರ. ವಿಚಿತ್ರವೆಂದರೆ, ಒಂದೇ ಕಂಪನಿಯ ಒಂದೇ ಮಾದರಿಯನ್ನು ಒಂದೇ ಅಂಗಡಿಯಲ್ಲಿ ಕೊಂಡು ತಂದಿದ್ದ ಇಬ್ಬರು ಸೋದರರು ನಮ್ಮ ಊರಿನಲ್ಲಿದ್ದರು. ಒಬ್ಬರದು ಎರಡೇ ವರ್ಷದಲ್ಲಿ ಮೂಲೆ ಸೇರಿತು, ಇನ್ನೊಬ್ಬರದು 2005ರ ತನಕ ನಡೆಯಿತು. ಮೊದಲನೆಯವರು ಆ ಕಂಪನಿಯ ಹೆಸರೆತ್ತಿದರೆ ಸಿಡುಕುತ್ತಿದ್ದರು. ಎರಡನೆಯವರು ಅದೇ ಕಂಪನಿಯ ಫ್ಯಾನು, ಮಿಕ್ಸರ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಕೊಂಡರು. ಇಬ್ಬರ ಅನುಭವವೂ ನಿಜ. ಆದರೆ ಮೊದಲನೆಯವರ ಮನೆ ಸಮುದ್ರಕ್ಕೆ ಕೂಗಳತೆಯಲ್ಲಿತ್ತು, ಯಂತ್ರದ ಮೇಲೆ ಸದಾ ಕಸೂತಿ ಹಾಕಿದ ದಪ್ಪ ಬಟ್ಟೆ ಹೊದಿಸಿರುತ್ತಿದ್ದರು, ಬಿಸಿಗಾಳಿ ಹೊರಹೋಗುವ ರಂಧ್ರಗಳೆಲ್ಲ ಮುಚ್ಚಿರುತ್ತಿದ್ದವು. ಕೊನೆಗೆ ಬಿಚ್ಚಿ ನೋಡಿದಾಗ ಒಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು. ಇದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ ಹೇಳಿದ.

ಯಂತ್ರ ಕೆಟ್ಟರೆ ದೂರು ಕೊಡುವುದೆಲ್ಲಿ? ಅಣ್ಣ ಬರುವ ಕೆಲವೇ ತಿಂಗಳ ಹಿಂದೆ, 1986ರಲ್ಲಿ, ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಆಗಿತ್ತು. ಆದರೆ ಪರದೇಶದ ಅಂಗಡಿಯಲ್ಲಿ ಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದ ಪೆಟ್ಟಿಗೆಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಗ್ಯಾರಂಟಿ ಕಾರ್ಡು ದುಬಾಯಿಯ ಅಂಗಡಿಯದು. ಅದನ್ನು ಅಮ್ಮ ಮನೆಯ ತೆರಿಗೆ ರಶೀದಿಗಳ ಜೊತೆ ಭದ್ರವಾಗಿ ಇಟ್ಟಿದ್ದಳು.

ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಸ್ವಭಾವವೆಂದು ನಾವು ನಂಬಿದ್ದೆವು. ನಮ್ಮದು ಜುಲೈ ತಿಂಗಳ ಬೆಳಿಗ್ಗೆ ಕೆಲಸ ಮಾಡುತ್ತಿರಲಿಲ್ಲ. ಕ್ಯಾಸೆಟ್ ಹಾಕಿದರೆ ಹೊರಗೆ ತಳ್ಳುತ್ತಿತ್ತು. ಕೆಟ್ಟಿತೆಂದು ಅಮ್ಮ ಕಂಗಾಲಾದಳು. ಒಳಗೆ ತೇವವಿದ್ದರೆ ಟೇಪು ಅಂಟಿಕೊಂಡು ಹರಿಯಬಾರದೆಂದು ಯಂತ್ರವೇ ತನ್ನನ್ನು ತಡೆದುಕೊಳ್ಳುವ ಏರ್ಪಾಡು ಅದೆಂದು ತಿಳಿದದ್ದು ಆಮೇಲೆ. ಅರ್ಧ ಗಂಟೆ ಕರೆಂಟು ಕೊಟ್ಟು ಬಿಟ್ಟರೆ ಬೆಚ್ಚಗಾಗಿ ತಾನಾಗಿ ಸರಿಹೋಗುತ್ತಿತ್ತು. ಇನ್ನು ಕರೆಂಟಿನ ಕಥೆ. ಬಾಡಿಗೆಗೆ ತಂದ ಕ್ಯಾಸೆಟ್ ಒಳಗಿರುವಾಗಲೇ ಕರೆಂಟು ಹೋದರೆ ಅದನ್ನು ಹೊರತೆಗೆಯಲು ದಾರಿಯಿಲ್ಲ. ಬೆಳಿಗ್ಗೆ ವಿಡಿಯೋ ಲೈಬ್ರರಿಗೆ ಮರಳಿಸದಿದ್ದರೆ ಇನ್ನೊಂದು ದಿನದ ಬಾಡಿಗೆ. ರಾತ್ರಿಯಿಡೀ ಕರೆಂಟಿಗಾಗಿ ಎದ್ದು ಕುಳಿತವರನ್ನು ನಾನು ಬಲ್ಲೆ. ಅಮೆರಿಕದಲ್ಲಿದ್ದ ನೆಂಟರು ತಮ್ಮ ಮಗಳ ಮದುವೆಯ ಕ್ಯಾಸೆಟ್ ಕಳುಹಿಸಿದಾಗ ಅದು ನಮ್ಮ ಯಂತ್ರದಲ್ಲಿ ಬಣ್ಣವಿಲ್ಲದೆ, ಮೇಲಿಂದ ಕೆಳಗೆ ಉರುಳುವ ಗೆರೆಗಳಾಗಿ ಕಂಡಿತು. ಅಲ್ಲಿನ ಚಿತ್ರಕ್ಕೆ 525 ಗೆರೆ, ನಮ್ಮದಕ್ಕೆ 625 ಎಂಬ ವಿಷಯ ಯಾರಿಗೆ ತಾನೆ ಗೊತ್ತಿತ್ತು? ಅಪ್ಪ ಮಾತ್ರ, "ಅಷ್ಟು ದೂರದಿಂದ ಬರುವಾಗ ದಾರಿಯಲ್ಲಿ ಹಾಳಾಗಿರಬೇಕು" ಎಂದು ಎಲ್ಲರನ್ನೂ ಸಮಾಧಾನಪಡಿಸಿದರು.

ಪೇಟೆಯ ವಿಡಿಯೋ ಲೈಬ್ರರಿಯವರು ಒಮ್ಮೆ ನನಗೊಂದು ಮಾತು ಹೇಳಿದ್ದರು. ಬಾಡಿಗೆಯ ಕ್ಯಾಸೆಟ್ಟನ್ನು ನೋಡಿದರೆ ಜನರಿಗೆ ಸಿನಿಮಾದ ಯಾವ ಭಾಗ ಇಷ್ಟವಾಗಿದೆಯೆಂದು ತಮಗೆ ತಿಳಿಯುತ್ತದಂತೆ. ಎಲ್ಲಿ ಚಿತ್ರ ಮಸುಕಾಗಿ ಬಿಳಿಗೆರೆ ಹಾಯುತ್ತದೆಯೋ ಅಲ್ಲಿ ಒಂದು ಹಾಡಿರುತ್ತದೆ, ಇಲ್ಲವೇ ಹೊಡೆದಾಟವಿರುತ್ತದೆ. ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡಿದ ಜಾಗವೇ ಮೊದಲು ಸವೆಯುವುದು. ಅದನ್ನು ಕೇಳಿ ನಾನು ನಕ್ಕಿದ್ದೆ.

1997ರಲ್ಲಿ ನನಗೆ ಗುರುದೀಕ್ಷೆಯಾಯಿತು. ಅಣ್ಣ ಹಣ ಕಳುಹಿಸಿ ವಿಡಿಯೋದವರನ್ನು ಗೊತ್ತುಮಾಡಿದ್ದ. ಮೂರು ಗಂಟೆಯ ಕ್ಯಾಸೆಟ್. ಅದರಲ್ಲಿ ಚರ್ಚಿನ ಭಾಗ ಎರಡು ಗಂಟೆ, ಮನೆಯ ಚಪ್ಪರದ ಊಟ ಉಳಿದದ್ದು. ಊಟದ ಭಾಗದಲ್ಲಿ ಒಂದು ಕಡೆ ಕ್ಯಾಮೆರಾದವನು ಅಡುಗೆಯ ಕೊಟ್ಟಿಗೆಯ ಹತ್ತಿರ ಹೋಗಿ ಅಮ್ಮನ ಮುಖಕ್ಕೆ ಬೆಳಕು ಬಿಟ್ಟಿದ್ದಾನೆ. ಅವಳು ನಾಚಿ ಸೆರಗನ್ನು ಬಾಯಿಗೆ ಹಿಡಿದು, ಆಮೇಲೆ ತೆಗೆದು, ಏನೋ ಹೇಳಿ, ನಕ್ಕು, ತಿರುಗಿಬಿಡುತ್ತಾಳೆ. ಅರ್ಧ ನಿಮಿಷವೂ ಇಲ್ಲ. ಅಮ್ಮ ಮಾತನಾಡುವ ಚಿತ್ರ ನಮ್ಮ ಮನೆಯಲ್ಲಿರುವುದು ಅದೊಂದೇ. ಬೇರೆಲ್ಲ ಫೋಟೋಗಳು, ಅವುಗಳಲ್ಲಿ ಅವಳು ಶಾಲೆಯ ಹುಡುಗಿಯಂತೆ ಕೈಕಟ್ಟಿ ನಿಂತಿದ್ದಾಳೆ.

2004ರ ಜುಲೈಯಲ್ಲಿ ಅಮ್ಮ ತೀರಿಕೊಂಡಳು. ಏಳನೆಯ ದಿನದ ಪೂಜೆ ಮುಗಿದು ನೆಂಟರೆಲ್ಲ ಹೊರಟುಹೋದ ರಾತ್ರಿ, ಮನೆಯವರು ಮಲಗಿದ ಮೇಲೆ, ನಾನೊಬ್ಬನೇ ಕುಳಿತು ಆ ಕ್ಯಾಸೆಟ್ ಹಾಕಿದೆ. ಚರ್ಚಿನ ಭಾಗವನ್ನು ಓಡಿಸಿ ನೇರವಾಗಿ ಅಡುಗೆಯ ಕೊಟ್ಟಿಗೆಗೆ ಬಂದೆ. ಅಮ್ಮ ಸೆರಗು ತೆಗೆದಳು, ಮಾತನಾಡಿದಳು, ತಿರುಗಿದಳು. ಹಿಂದಕ್ಕೆ ತಿರುಗಿಸಿದೆ. ಮತ್ತೆ ನೋಡಿದೆ. ಒಮ್ಮೆ ಅವಳ ಮುಖವನ್ನು ಹಾಗೆಯೇ ನಿಲ್ಲಿಸಿ ಬಹಳ ಹೊತ್ತು ಕುಳಿತೆ. ತುಸು ಹೊತ್ತಿಗೆ ಯಂತ್ರ ತಾನಾಗಿಯೇ ನಿಂತಿತು. ಮತ್ತೆ ಹಾಕಿದೆ. ಎಷ್ಟು ಸಲವೆಂದು ಲೆಕ್ಕವಿಡಲಿಲ್ಲ.

ಯಂತ್ರಕ್ಕೆ ಆಗ 17 ವರ್ಷ. ಕೆಲವು ತಿಂಗಳಿಂದ ಅದು ಟೇಪನ್ನು ಹಿಂದಕ್ಕೆ ಸುತ್ತುವಾಗ ನಿಧಾನವಾಗುತ್ತಿತ್ತು, ಕೀರಲು ಸದ್ದು ಮಾಡುತ್ತಿತ್ತು. ಇದನ್ನು ನಾನು ಗಮನಿಸಿದ್ದೆ, ಅತ್ತಿಗೆಯೂ ಹೇಳಿದ್ದರು. ಆ ರಾತ್ರಿಯೂ ಅದು ಕೀರಿತು. ನಾನು ಕೇಳಿಸಿಕೊಂಡೆ, ಆದರೂ ಗುಂಡಿ ಒತ್ತಿದೆ. ಬೇರೆಯವರ ತಪ್ಪುಗಳನ್ನು ತಾಳ್ಮೆಯಿಂದ ಕೇಳುವುದಕ್ಕೆ ನಮಗೆ ಸೆಮಿನರಿಯಲ್ಲಿ ವರ್ಷಗಟ್ಟಲೆ ತರಬೇತಿ ಕೊಟ್ಟಿದ್ದಾರೆ. ನನ್ನ ಈ ತಪ್ಪನ್ನು ಅಣ್ಣನಿಗೆ ಸರಿಯಾಗಿ ಹೇಳಲು ನನಗೆ 19 ವರ್ಷ ಹಿಡಿಯಿತು.

ಚಿತ್ರ ಒಮ್ಮೆಲೇ ಅಲುಗಾಡಿ, ಅಮ್ಮನ ಮುಖ ಎರಡಾಗಿ, ಪರದೆ ನೀಲಿಯಾಯಿತು. ಒಳಗಿನಿಂದ ಒಣಗಿದ ತರಗೆಲೆಯನ್ನು ಹಿಸುಕಿದಂತಹ ಸದ್ದು. ಗಾಬರಿಯಲ್ಲಿ ಕ್ಯಾಸೆಟ್ ಹೊರಹಾಕುವ ಗುಂಡಿ ಒತ್ತಿದೆ. ಅದು ಅರ್ಧ ಏಳುವಷ್ಟರಲ್ಲಿ ಕರೆಂಟು ಹೋಯಿತು. ಜುಲೈ ತಿಂಗಳ ಮಳೆ, ಅದೇನೂ ಆಶ್ಚರ್ಯವಲ್ಲ. ಅಣ್ಣ ಎದ್ದು ಬಂದು ಟಾರ್ಚು ಹಾಕಿ ಬಾಗಿಲಿನ ಸಂದಿಯಲ್ಲಿ ನೋಡಿದ. ಕಪ್ಪು ಟೇಪು ಕರುಳಿನಂತೆ ಒಳಗೆಲ್ಲ ಸುತ್ತಿಕೊಂಡಿತ್ತು. ನಾನು ಕೈ ಹಾಕಹೊರಟಾಗ ಅವನು ನನ್ನ ಕೈ ಹಿಡಿದು, "ಎಳೆಯಬೇಡ, ಹಾಗೇ ಬಿಡು" ಎಂದ. ಕರೆಂಟು ಬಂದ ಮೇಲೆ ಯಂತ್ರಕ್ಕೆ ಜೀವ ಬರಲಿಲ್ಲ. ಟೇಪು ತಾನಾಗಿ ಸಿಕ್ಕಿಕೊಂಡಿತೆಂದು ನಾನು ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ.

ಮರುವಾರ ಅಣ್ಣ ದುಬಾಯಿಗೆ ಮರಳಬೇಕಿತ್ತು. ನಮಗೆ ಗೊತ್ತಿದ್ದ ರಿಪೇರಿಯವರು ಆ ಹೊತ್ತಿಗೆ ಅಂಗಡಿಯಲ್ಲಿ ಮೊಬೈಲ್ ಫೋನು ಮಾರತೊಡಗಿದ್ದರು. ಇನ್ನೊಬ್ಬರನ್ನು ಕೇಳಿದರೆ, "ಟೇಪು ಕತ್ತರಿಸಿ ತೆಗೆಯಬೇಕು, ಉಳಿಯುವ ಭರವಸೆ ಇಲ್ಲ" ಎಂದರು. ಕತ್ತರಿಸಿ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮನೆಗೆ ಡಿವಿಡಿ ಬಂತು. ಯಂತ್ರ ಹೊಟ್ಟೆಯೊಳಗಿನ ಕ್ಯಾಸೆಟ್ ಸಮೇತ ಅಟ್ಟ ಸೇರಿತು. 2016ರ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ಬಿಡಿಭಾಗಗಳು ಸಿಗುತ್ತಿಲ್ಲವೆಂದು ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತೆಂಬ ಸುದ್ದಿ ಓದಿದೆ. ಒಂದು ಕಾಲದಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಮಾರುತ್ತಿದ್ದ ಕಂಪನಿ ಹಿಂದಿನ ವರ್ಷ, 2015ರಲ್ಲಿ, ಏಳೂವರೆ ಲಕ್ಷ ಮಾತ್ರ ಮಾರಿತ್ತಂತೆ. ಇನ್ನೂ ಏಳೂವರೆ ಲಕ್ಷ ಜನ ಕೊಳ್ಳುತ್ತಿದ್ದರೇ ಎಂದು ನನಗೆ ಬೆರಗಾಯಿತು. ಅವರೆಲ್ಲರ ಮನೆಯ ಅಟ್ಟದಲ್ಲೂ ಏನಾದರೂ ಇದ್ದಿರಬೇಕು. ಅಂದು ಅಣ್ಣನಿಗೆ ಫೋನು ಮಾಡಬೇಕೆಂದುಕೊಂಡು ಮಾಡಲಿಲ್ಲ.

ಹೀಗೆ ಅತ್ತಿಗೆಯ ಪ್ರಶ್ನೆಗೆ ಉತ್ತರವಾಗಿ ನಾವಿಬ್ಬರು ಮುದುಕರು (ಅಣ್ಣ ಈ ಮಾತಿಗೆ ಒಪ್ಪುವುದಿಲ್ಲ) ಆ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ವಿಚಾರಿಸುತ್ತ ಹೊರಟೆವು. ಉಡುಪಿಯ ಒಂದು ಓಣಿಯಲ್ಲಿ, ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್‌ಗಳ ಗುಡ್ಡೆಯ ನಡುವೆ ಕುಳಿತ ಎಪ್ಪತ್ತರ ಹತ್ತಿರದ ಒಬ್ಬರು ಸಿಕ್ಕಿದರು. ದಾರಿಯಲ್ಲಿ ಆ ರಾತ್ರಿಯ ಸಂಗತಿಯನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ರಸ್ತೆಯನ್ನೇ ನೋಡುತ್ತ, "ನನಗೆ ಗೊತ್ತಿತ್ತು ಮಾರಾಯ. ಗೋಡೆಯ ಆಚೆ ಮಲಗಿದವನಿಗೆ ಕೇಳುವುದಿಲ್ಲವಾ? ನಾನೂ ಎದ್ದು ಕೂತಿದ್ದೆ" ಎಂದ. ಮುಂದೆ ಇಬ್ಬರೂ ಏನೂ ಮಾತನಾಡಲಿಲ್ಲ.

ಆ ಹಿರಿಯರು ಮೇಲಿನ ಮುಚ್ಚಳ ತೆಗೆದು ಮೊದಲು ಮಾಡಿದ್ದು ಮೂಸಿ ನೋಡಿದ್ದು. ಆಮೇಲೆ ಚಿಕ್ಕ ದೀಪವೊಂದನ್ನು ಹಿಡಿದು ನಮ್ಮನ್ನು ಹತ್ತಿರ ಕರೆದು ತೋರಿಸಿದರು. ನಡುವೆ ಓರೆಯಾಗಿ ಕುಳಿತ, ಹೊಳೆಯುವ ಲೋಹದ ಡ್ರಮ್ಮು. ಚಿತ್ರವನ್ನು ಓದುವ ಹೆಡ್ಡುಗಳು ಅದರ ಅಂಚಿನಲ್ಲಿವೆ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕವು. ನಮ್ಮ ದೇಶದ ಪದ್ಧತಿಯಲ್ಲಿ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಟೇಪನ್ನು ನಿಲ್ಲಿಸಿ ಒಂದೇ ಚಿತ್ರವನ್ನು ನೋಡುತ್ತ ಕುಳಿತಾಗಲೂ ಅದು ನಿಲ್ಲುವುದಿಲ್ಲ, ಅದೇ ಜಾಗವನ್ನು ಸೆಕೆಂಡಿಗೆ 25 ಸುತ್ತು ಉಜ್ಜುತ್ತಲೇ ಇರುತ್ತದೆ. ಆದ್ದರಿಂದಲೇ ತುಸು ಹೊತ್ತಿಗೆ ಯಂತ್ರ ತಾನಾಗಿ ನಿಂತುಬಿಡುವಂತೆ ಮಾಡಿರುತ್ತಾರೆ. ಅಂದು ರಾತ್ರಿ ಅದು ನಿಂತದ್ದು ಕೆಟ್ಟು ಅಲ್ಲ. ನಾನು ಮತ್ತೆ ಮತ್ತೆ ಹಾಕಿದೆ.

"ಯಂತ್ರ ಒಳ್ಳೆಯದೇ ಫಾದರೇ, ರಬ್ಬರು ಹೋದದ್ದು" ಎಂದರು ಅವರು. ಸುರುಳಿಯನ್ನು ತಿರುಗಿಸುವ ಒಂದು ಪುಟ್ಟ ಚಕ್ರಕ್ಕೆ ರಬ್ಬರಿನ ಬಳೆ ಇರುತ್ತದೆ, ಉಂಗುರದಷ್ಟೇ ದೊಡ್ಡದು. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಜಾರತೊಡಗುತ್ತದೆ. ಹಿಂದಕ್ಕೆ ಸುತ್ತುವಾಗ ನಿಧಾನವಾಗುವುದು ಅದರ ಮೊದಲ ಲಕ್ಷಣ. ಒಂದು ದಿನ ಚಕ್ರ ನಿಲ್ಲುತ್ತದೆ, ಆದರೆ ಟೇಪನ್ನು ಮುಂದಕ್ಕೆ ತಳ್ಳುವ ಉರುಳೆ ನಿಲ್ಲುವುದಿಲ್ಲ. ಬರುವ ಟೇಪನ್ನು ಸುತ್ತಿಕೊಳ್ಳುವವರಿಲ್ಲದೆ ಅದು ಒಳಗೆ ರಾಶಿಬೀಳುತ್ತದೆ. "ಹದಿನೈದು ವರ್ಷ ಚೆನ್ನಾಗಿತ್ತು, ಒಂದೇ ಸಲಕ್ಕೆ ಕೆಟ್ಟಿತು ಅಂತ ಎಲ್ಲರೂ ಹೇಳುತ್ತಾರೆ. ಒಂದೇ ಸಲಕ್ಕೆ ಯಾವುದೂ ಕೆಡುವುದಿಲ್ಲ. ರಬ್ಬರಿನ ಬಳೆ ಆಗ ಇಪ್ಪತ್ತು ರೂಪಾಯಿ" ಎಂದರು. ಹೆಡ್ಡನ್ನು ಶುಚಿಮಾಡುತ್ತೇವೆಂದು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಮೇಲಕ್ಕೂ ಕೆಳಕ್ಕೂ ಉಜ್ಜಿ ಮುರಿದವರ ಕಥೆಗಳನ್ನೂ ಹೇಳಿದರು. ಅಂಥವರು ಬಂದು ಕಂಪನಿಯನ್ನೇ ಬಯ್ಯುತ್ತಿದ್ದರಂತೆ.

ಬೆಲ್ಟು ಕರಗಿ ಡಾಮರಿನಂತೆ ಅಂಟಿಕೊಂಡಿತ್ತು. ಹಲ್ಲುಚಕ್ರವನ್ನು ಬೆರಳಿನಿಂದ ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ, ಮುಕ್ಕಾಲು ಗಂಟೆಯ ಬಳಿಕ ಅವರು ಕ್ಯಾಸೆಟ್ಟನ್ನು ಹೊರತೆಗೆದರು. ಅದರ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು. ತೇವ ಹೋಗದಂತೆ ಚೀಲದಲ್ಲಿ ಬಿಗಿಯಾಗಿ ಕಟ್ಟಿದ್ದು ನಾವೇ. ಕ್ಯಾಸೆಟ್ಟನ್ನು ಎರಡು ವಾರ ಒಣಗಿಸಿ, ಅದಕ್ಕೆಂದೇ ಇಟ್ಟ ಬೇರೊಂದು ಯಂತ್ರದಲ್ಲಿ ಒಣಬಟ್ಟೆಯ ನಡುವೆ ಹಾಯಿಸಿ ಒರೆಸಬೇಕು, ಇಲ್ಲವಾದರೆ ಈ ಬೂಷ್ಟು ಒಳ್ಳೆಯ ಯಂತ್ರಕ್ಕೂ ಹತ್ತುತ್ತದೆ ಎಂದರು. ನಜ್ಜುಗುಜ್ಜಾದ ತುಂಡನ್ನು ಬೆರಳ ಮೇಲೆ ಹರಡಿ ನಮಗೆ ತೋರಿಸಿದರು. ಒಂದು ಗೇಣು ಇತ್ತು. ಇಷ್ಟನ್ನು ಕತ್ತರಿಸಿ ಅಂಟಿಸದೆ ದಾರಿಯಿಲ್ಲ, ಇದರ ಆಚೀಚೆ ಒಂದೆರಡು ಮೊಳ ಅಂಚು ಮಡಚಿದೆ, ಅದನ್ನು ನೇವರಿಸಿ ನೋಡೋಣ ಎಂದರು. ಒಂದು ಗೇಣು ಎಂದರೆ ಎಷ್ಟು ಹೊತ್ತು ಎಂದು ಅಣ್ಣ ಕೇಳಿದ. ಟೇಪು ಸೆಕೆಂಡಿಗೆ ಎರಡೂ ಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. "ಹತ್ತು ಸೆಕೆಂಡು" ಎಂದರು ಹಿರಿಯರು. ಇಡೀ ಕ್ಯಾಸೆಟ್ಟಿನಲ್ಲಿ 250 ಮೀಟರಿಗೂ ಹೆಚ್ಚು ಟೇಪು ಇರುತ್ತದೆ. ಹೋಗುವುದು ಒಂದು ಗೇಣು. ಇಬ್ಬರೂ ತಲೆಯಾಡಿಸಿದೆವು.

ಮೂರು ವಾರದ ಮೇಲೆ ಒಂದು ಪೆನ್‌ಡ್ರೈವ್ ಕೊಟ್ಟರು. ಮನೆಗೆ ತಂದು ಟಿವಿಗೆ ಸಿಕ್ಕಿಸಿ, ಅಣ್ಣ, ಅತ್ತಿಗೆ, ನಾನು ಕುಳಿತೆವು. ಚರ್ಚಿನ ಭಾಗ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿತ್ತು. ತೀರಿಕೊಂಡ ಎಷ್ಟೋ ಜನ ಪಂಕ್ತಿಯಲ್ಲಿ ಕುಳಿತು ಊಟಮಾಡುತ್ತಿದ್ದರು. ಅಪ್ಪ ಬಡಿಸುವವರಿಗೆ ಕೈಮಾಡಿ ತೋರಿಸುತ್ತಿದ್ದರು. ಅಡುಗೆಯ ಕೊಟ್ಟಿಗೆ ಬಂತು. ಅಮ್ಮ ಸೆರಗನ್ನು ಬಾಯಿಗೆ ಹಿಡಿದಳು. ಆಗ ಸದ್ದು ಅಡಗಿತು. ವಿಎಚ್‌ಎಸ್ ಟೇಪಿನಲ್ಲಿ ಧ್ವನಿಯ ಗೆರೆ ಅಂಚಿನಲ್ಲಿರುತ್ತದೆಯಂತೆ, ಮಡಚಿದ್ದು ಆ ಅಂಚೇ. ಸೆರಗು ತೆಗೆದಳು, ತುಟಿ ಆಡಿತು, ಮೂರ್ನಾಲ್ಕು ಸೆಕೆಂಡು, ಕತ್ತರಿಸಿದ ಜಾಗದಲ್ಲಿ ಒಂದು ನೆಗೆತ, ಅವಳಾಗಲೇ ತಿರುಗಿ ಒಳಗೆ ಹೋಗುತ್ತಿದ್ದಾಳೆ.

"ಚಾಪೆ ಸಾಲದು, ಒಳಗಿಂದ ತನ್ನಿ ಅಂತ ಹೇಳಿದ್ದು" ಎಂದ ಅಣ್ಣ. ಅಲ್ಲವೇ ಅಲ್ಲ. ಆ ರಾತ್ರಿ ಅಷ್ಟು ಸಲ ಕೇಳಿದವನು ನಾನು. ಎಲ್ಲರಿಗೂ ಸಾರು ಮುಟ್ಟಿತೇ ನೋಡಿ ಎಂದು ಅವಳು ಹೇಳಿದ್ದು ನನ್ನ ಕಿವಿಯಲ್ಲಿದೆ. ಅತ್ತಿಗೆ ನಮ್ಮಿಬ್ಬರ ಮಾತನ್ನೂ ಒಪ್ಪಲಿಲ್ಲ. ಅವರು ಆ ದಿನ ಅಮ್ಮನ ಹಿಂದೆಯೇ ನಿಂತಿದ್ದವರು. ಕ್ಯಾಮೆರಾದ ಹುಡುಗ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಆ ಪೆಟ್ಟಿಗೆ ಕೆಳಗಿಟ್ಟು ಮೊದಲು ಊಟಕ್ಕೆ ಕೂರು ಎಂದು ಅಮ್ಮ ಅವನಿಗೇ ಹೇಳಿದ್ದೆಂದರು. ಮತ್ತೆ ಹಾಕಿ ತುಟಿಗಳನ್ನು ನೋಡಿದೆವು. ಮೂವರಿಗೂ ತಂತಮ್ಮ ಮಾತೇ ಸರಿಯೆಂದು ಕಂಡಿತು.

ಯಂತ್ರ ಆ ಹಿರಿಯರ ಅಂಗಡಿಯಲ್ಲೇ ಉಳಿದಿತ್ತು. ಬಾಕಿ ಹಣ ಕೊಡಲು ಹೋದಾಗ ಅದನ್ನು ತಮಗೇ ಬಿಡಬಹುದೇ ಎಂದು ಅವರು ಸಂಕೋಚದಿಂದ ಕೇಳಿದರು. ಈಗಲೂ ತಿಂಗಳಿಗೆ ನಾಲ್ಕೈದು ಜನ ಕ್ಯಾಸೆಟ್ ಹಿಡಿದು ಬರುತ್ತಾರಂತೆ, ಹೆಡ್ಡು ಎಲ್ಲೂ ಕೊಳ್ಳಲು ಸಿಗುವುದಿಲ್ಲವಂತೆ. ಅಣ್ಣ ನನ್ನ ಮುಖ ನೋಡಿ, ಆಗಲಿ ಎಂದ. ಅವರು ಅದನ್ನು ಗೋಡೆಯ ಪಕ್ಕದ ಸಾಲಿನಲ್ಲಿ ಇತರ ಯಂತ್ರಗಳ ಮೇಲೆ ಇಟ್ಟು, ಒಂದು ಕಾಗದದ ಚೂರಿನಲ್ಲಿ "ಹೆಡ್ ಸರಿ ಇದೆ, ಬೆಲ್ಟ್ ಇಲ್ಲ" ಎಂದು ಬರೆದು ಅಂಟಿಸಿದರು.